ಹುಡುಕಿದ ದಾರಿಯನ್ನು ಬರೆದಿಡಿ

ಸ್ನಾತಕೋತ್ತರ ಮತ್ತು ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಆನ್‌ಲೈನ್‌ನಲ್ಲಿ ಲೈಬ್ರರಿ ತರಗತಿ ಮಾಡುವಾಗ ನಾನು ಎಲ್ಲಕ್ಕಿಂತ ಮೊದಲು ಹಂಚುವುದು ಒಂದು ಖಾಲಿ ಸ್ಪ್ರೆಡ್‌ಶೀಟ್. ಎಲ್ಲರೂ ಒಟ್ಟಿಗೆ ಬರೆಯಬಹುದಾದದ್ದು, ಎಲ್ಲರ ಸಾಲೂ ಎಲ್ಲರಿಗೂ ಕಾಣುವಂಥದ್ದು. ಅದರಲ್ಲಿ ಐದೇ ಕಾಲಂ: ಎಲ್ಲಿ ಹುಡುಕಿದಿರಿ, ಪೆಟ್ಟಿಗೆಯಲ್ಲಿ ಏನು ಟೈಪ್ ಮಾಡಿದಿರಿ (ಒಂದಕ್ಷರವೂ ಬದಲಿಸದೆ), ಎಷ್ಟು ಫಲಿತಾಂಶ ಬಂತು, ಮೊದಲ ಪುಟದಲ್ಲಿ ಕಂಡದ್ದೇನು, ಮುಂದಿನ ಸಲ ಏನು ಬದಲಿಸುತ್ತೀರಿ. ಡೇಟಾಬೇಸುಗಳ ಪರಿಚಯ, ಉಲ್ಲೇಖ ಶೈಲಿ, ಸಾಫ್ಟ್‌ವೇರ್ ಎಲ್ಲ ಆಮೇಲೆ. ಈ ಶೀಟು ಯಾಕೆ ಮೊದಲು ಎಂಬುದನ್ನು, ಹೊಸದಾಗಿ ಈ ಕೆಲಸಕ್ಕೆ ಬಂದಿರುವ ಗ್ರಂಥಪಾಲಕರಿಗೂ, ತಮ್ಮ ವಿದ್ಯಾರ್ಥಿಗಳಿಗಾಗಿ ‘ಒಂದು ಗಂಟೆಯ ಲೈಬ್ರರಿ ಸೆಷನ್’ ಕೇಳುವ ಮಾರ್ಗದರ್ಶಕರಿಗೂ ವಿವರವಾಗಿ ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಕಂಪ್ಯೂಟರ್ ಲ್ಯಾಬಿನಲ್ಲಿ ಪಾಠ ಮಾಡುತ್ತಿದ್ದಾಗ ಕುರ್ಚಿಗಳ ಹಿಂದೆ ನಡೆದಾಡುತ್ತಿದ್ದೆ. ಒಂದು ಸಲಕ್ಕೆ ಒಂದೇ ಪರದೆ ಕಾಣುತ್ತಿತ್ತು. ನಾನು ಹತ್ತಿರ ಹೋದೊಡನೆ ಕೆಲವರು ಟ್ಯಾಬ್ ಬದಲಿಸುತ್ತಿದ್ದರು, ಕೆಲವರು ಟೈಪ್ ಮಾಡುವುದನ್ನೇ ನಿಲ್ಲಿಸುತ್ತಿದ್ದರು. ಅವರು ಮೊದಲು ಏನು ಬರೆದಿದ್ದರು, ಯಾವುದನ್ನು ಅಳಿಸಿದರು, ಯಾಕೆ ಅಳಿಸಿದರು ಎಂಬುದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಕಲಿಸಬೇಕಾದ್ದು ಇರುವುದು ಅಲ್ಲೇ. ಆನ್‌ಲೈನ್ ತರಗತಿಯನ್ನು ನೇರ ತರಗತಿಯ ಸಪ್ಪೆ ನಕಲು ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ. ಇಪ್ಪತ್ತೈದು ಮೂವತ್ತು ಜನ ತಮ್ಮ ತಮ್ಮ ಪ್ರಶ್ನೆಯನ್ನು ಹೇಗೆ ಒಡೆಯುತ್ತಿದ್ದಾರೆ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಎಂಬುದು ಒಂದೇ ಹೊತ್ತಿಗೆ ಸಾಲುಸಾಲಾಗಿ ಮೂಡುತ್ತಾ ಹೋಗುವುದು ಯಾವ ಲ್ಯಾಬಿನಲ್ಲೂ ಸಾಧ್ಯವಿರಲಿಲ್ಲ.

ಒಂದು ಸಾಲನ್ನೇ ಹಿಡಿದು ಹೇಳುತ್ತೇನೆ. ರಾತ್ರಿ ಪಾಳಿಯ ನರ್ಸುಗಳ ದಣಿವಿನಿಂದ ರೋಗಿಗಳ ಸುರಕ್ಷತೆಗೆ ಏನಾಗುತ್ತದೆ ಎಂಬ ವಿಷಯ ಹಿಡಿದಿದ್ದ ವಿದ್ಯಾರ್ಥಿನಿಯೊಬ್ಬಳು ವೈದ್ಯಕೀಯ ಲೇಖನಗಳ ಡೇಟಾಬೇಸ್ ಆದ ಪಬ್‌ಮೆಡ್‌ನಲ್ಲಿ ತನ್ನ ಶೀರ್ಷಿಕೆಯನ್ನು ಇಡಿಯಾಗಿ, ಆಚೀಚೆ ಉದ್ಧರಣ ಚಿಹ್ನೆ ಹಾಕಿ, ಟೈಪ್ ಮಾಡಿದ್ದಳು. ಫಲಿತಾಂಶ ಸೊನ್ನೆ. ಕೊನೆಯ ಕಾಲಂನಲ್ಲಿ ‘ಈ ವಿಷಯದಲ್ಲಿ ಯಾರೂ ಕೆಲಸ ಮಾಡಿಲ್ಲ, ಇದೇ ನನ್ನ ರಿಸರ್ಚ್ ಗ್ಯಾಪ್’ ಎಂದು ಬರೆದಳು. ಲ್ಯಾಬಿನಲ್ಲಾಗಿದ್ದರೆ ಈ ತೀರ್ಮಾನ ಅವಳ ಮನಸ್ಸಿನಲ್ಲೇ ಉಳಿದು, ತಿಂಗಳುಗಳ ನಂತರ ಪ್ರಸ್ತಾವನೆಯ ಎರಡನೇ ಪುಟದಲ್ಲಿ ಕಾಣಿಸಿಕೊಳ್ಳುತ್ತಿತ್ತು.

ಉದ್ಧರಣ ಚಿಹ್ನೆ ಹಾಕಿದೊಡನೆ ಪಬ್‌ಮೆಡ್ ಆ ಪದಗಳನ್ನು ಅದೇ ಕ್ರಮದಲ್ಲಿ, ಅದೇ ರೂಪದಲ್ಲಿ ಹುಡುಕಲು ನೋಡುತ್ತದೆ. ಚಿಹ್ನೆ ಇಲ್ಲದಿದ್ದರೆ ಅದು ಹಿನ್ನೆಲೆಯಲ್ಲಿ ಇನ್ನೊಂದು ಕೆಲಸ ಮಾಡುತ್ತದೆ: ನಾವು ಬರೆದ ಪದವನ್ನು ತನ್ನ ಮೆಶ್ ಎಂಬ ವಿಷಯ ಪದಕೋಶದ ಜೊತೆ ತಾಳೆ ನೋಡಿ, ಅಲ್ಲಿನ ಅಧಿಕೃತ ಪದವನ್ನೂ ಸೇರಿಸಿಕೊಳ್ಳುತ್ತದೆ. 1960ರಲ್ಲಿ ಶುರುವಾದ ಈ ಪದಕೋಶದಲ್ಲಿ ರಾತ್ರಿ ಪಾಳಿಯ ಕೆಲಸ ‘ಶಿಫ್ಟ್ ವರ್ಕ್ ಶೆಡ್ಯೂಲ್’ ಎಂಬ ತಲೆಬರಹದಡಿ ಸಿಗುತ್ತದೆ. ನರ್ಸುಗಳಿಗೆ ‘ನರ್ಸಸ್’ ಇದೆ, ಆಸ್ಪತ್ರೆಯ ನರ್ಸಿಂಗ್ ಸಿಬ್ಬಂದಿಗೆ ಬೇರೆಯದೇ ತಲೆಬರಹ ಇದೆ. ದಣಿವಿಗೆ ‘ಫಟೀಗ್’, ಅದರ ನೆರೆಯಲ್ಲಿ ವೃತ್ತಿ ಬಳಲಿಕೆಗೆ ‘ಬರ್ನ್‌ಔಟ್’, ಸದಾ ನೊಂದವರ ಆರೈಕೆಯಲ್ಲೇ ಇರುವವರ ಬಳಲಿಕೆಗೆ ‘ಕಂಪ್ಯಾಶನ್ ಫಟೀಗ್’. ಈ ಮೂರರಲ್ಲಿ ತನಗೆ ಬೇಕಾದದ್ದು ಯಾವುದು ಎಂದು ಅವಳು ಅವತ್ತು ನಿರ್ಧರಿಸಲೇಬೇಕಾಯಿತು. ಹತ್ತು ನಿಮಿಷ ಸುಮ್ಮನಿದ್ದು, ಆಮೇಲೆ ‘ನನಗೆ ಬೇಕಾದದ್ದು ನಿದ್ದೆಗೆಟ್ಟ ದೇಹದ ದಣಿವು, ಮನಸ್ಸು ಬೇಸತ್ತದ್ದಲ್ಲ’ ಎಂದು ಬರೆದಳು. ಅವಳ ಮಾರ್ಗದರ್ಶಕರು ಮೊದಲಿನಿಂದಲೂ ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಅದೇ ಆಗಿತ್ತಂತೆ. ಹುಡುಕಾಟವನ್ನು ಕೌಶಲ ಎಂದು ಕರೆಯುತ್ತೇವೆ, ಆದರೆ ಸಂಶೋಧನೆಯ ಪ್ರಶ್ನೆ ಗಟ್ಟಿಯಾಗುವುದು ಎಷ್ಟೋ ಸಲ ಈ ಪೆಟ್ಟಿಗೆಯ ಎದುರು ಕೂತಾಗಲೇ.

ಮೆಶ್ ಒಂದನ್ನೇ ನಂಬಿದರೂ ಕೈಬಿಟ್ಟುಹೋಗುವುದು ಇದೆ. ಪಬ್‌ಮೆಡ್‌ನಲ್ಲಿರುವ ಎಲ್ಲ ಲೇಖನಗಳಿಗೂ ವಿಷಯ ಪದ ಅಂಟಿಸಿರುವುದಿಲ್ಲ. ಹಾಗಾಗಿ ಅಧಿಕೃತ ಪದವನ್ನೂ, ಲೇಖಕರು ಶೀರ್ಷಿಕೆ ಸಾರಾಂಶಗಳಲ್ಲಿ ಬಳಸಬಹುದಾದ ಮಾಮೂಲಿ ಪದಗಳನ್ನೂ ‘ಆರ್’ (ಅಥವಾ) ಹಾಕಿ ಜೋಡಿಸಲು ಹೇಳುತ್ತೇನೆ. ಸಮಾನ ಪದಗಳ ನಡುವೆ ಆರ್, ಬೇರೆ ಬೇರೆ ವಿಚಾರಗಳ ನಡುವೆ ‘ಆ್ಯಂಡ್’ (ಮತ್ತು), ಪ್ರತಿ ಗುಂಪಿಗೂ ಆವರಣ ಚಿಹ್ನೆ. ಆವರಣವನ್ನು ಬಿಟ್ಟರೆ ಒಂದೇ ಸಾಲು ಒಂದೊಂದು ಕಡೆ ಒಂದೊಂದು ಅರ್ಥ ಕೊಡುತ್ತದೆ: ಪಬ್‌ಮೆಡ್ ಎಡದಿಂದ ಬಲಕ್ಕೆ ಓದಿಕೊಂಡು ಹೋಗುತ್ತದೆ, ವೆಬ್ ಆಫ್ ಸೈನ್ಸ್ ಎಂಬ ಇನ್ನೊಂದು ಡೇಟಾಬೇಸ್ ಆ್ಯಂಡ್ ಅನ್ನು ಮೊದಲು ಬಿಡಿಸಿ ಆಮೇಲೆ ಆರ್‌ಗೆ ಬರುತ್ತದೆ. ‘ನಾಟ್’ ಬಳಸುವವರನ್ನು ಮಾತ್ರ ನಾನು ತಡೆಯುತ್ತೇನೆ. ವೈದ್ಯರು ಬೇಡ ಎಂದು ನಾಟ್ ಹಾಕಿದರೆ, ನರ್ಸುಗಳನ್ನೂ ವೈದ್ಯರನ್ನೂ ಒಟ್ಟಿಗೆ ಅಧ್ಯಯನ ಮಾಡಿದ ಒಳ್ಳೆಯ ಪ್ರಬಂಧಗಳೆಲ್ಲ ಸದ್ದಿಲ್ಲದೆ ಹೊರಬೀಳುತ್ತವೆ. ಹೊರಬಿದ್ದದ್ದು ಏನು ಎಂಬುದು ಪರದೆಯ ಮೇಲೆ ಎಂದೂ ಕಾಣುವುದಿಲ್ಲವಲ್ಲ, ಅಪಾಯ ಇರುವುದು ಅಲ್ಲಿ.

ಅದೇ ತರಗತಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಶೀಟಿನಲ್ಲಿ ನಾಲ್ಕು ಸಾಲು ಕೆಳಗೆ ವಿಮಾನ ಪೈಲಟ್‌ಗಳ ಕೆಲಸದ ಅವಧಿಯ ಬಗ್ಗೆ ಓದುತ್ತಿದ್ದ ಬೇರೆ ವಿಭಾಗದ ಹುಡುಗ ‘ಫಟೀಗ್ ರಿಸ್ಕ್ ಮ್ಯಾನೇಜ್‌ಮೆಂಟ್’ ಎಂದು ಟೈಪ್ ಮಾಡಿದ್ದ. ವಿಮಾನಯಾನದಲ್ಲಿ ಅದು ದಿನನಿತ್ಯದ ಮಾತು. ಈ ಹುಡುಗಿ ಅದನ್ನು ಹಾಗೇ ಎತ್ತಿಕೊಂಡು ತನ್ನ ನರ್ಸುಗಳ ಜೊತೆ ಜೋಡಿಸಿದಳು. ತನ್ನ ವಿಭಾಗದ ಓದಿನಲ್ಲಿ ಅದುವರೆಗೆ ಎದುರಾಗದಿದ್ದ ಒಂದು ಗುಂಪು ಪ್ರಬಂಧಗಳೇ ಸಿಕ್ಕವು. ಅಕ್ಕಪಕ್ಕ ಕೂತಿದ್ದರೂ ಒಬ್ಬರು ಏನು ಟೈಪ್ ಮಾಡುತ್ತಿದ್ದಾರೆಂದು ಇನ್ನೊಬ್ಬರು ಇಣುಕಿ ನೋಡುವುದು ಸಭ್ಯತೆ ಅನ್ನಿಸುವುದಿಲ್ಲ. ಶೀಟಿನಲ್ಲಿ ಇಣುಕುವುದೇ ಕೆಲಸ.

ಇಂಥ ಹೊತ್ತಿನಲ್ಲಿ ನಾನು ಡಾನ್ ಸ್ವಾನ್ಸನ್ ಅವರ ಕಥೆ ಹೇಳುತ್ತೇನೆ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಮಾಹಿತಿ ವಿಜ್ಞಾನ ಕಲಿಸುತ್ತಿದ್ದವರು, ವೈದ್ಯರಲ್ಲ. ಮೀನೆಣ್ಣೆ ರಕ್ತದ ಸ್ನಿಗ್ಧತೆಯನ್ನು ಕಡಿಮೆ ಮಾಡುತ್ತದೆ, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ತಗ್ಗಿಸುತ್ತದೆ ಎಂದು ಒಂದು ಗುಂಪು ಪ್ರಬಂಧಗಳು ಹೇಳುತ್ತಿದ್ದವು. ಚಳಿಗೆ ಬೆರಳುಗಳ ರಕ್ತಸಂಚಾರ ಕಟ್ಟಿಹೋಗುವ ರೇನೋ ಕಾಯಿಲೆಯಲ್ಲಿ ಇವೇ ಎರಡು ಹೆಚ್ಚಾಗಿರುತ್ತವೆ ಎಂದು ಇನ್ನೊಂದು ಗುಂಪು ಹೇಳುತ್ತಿತ್ತು. ಎರಡು ಗುಂಪುಗಳೂ ಒಂದನ್ನೊಂದು ಉಲ್ಲೇಖಿಸುತ್ತಿರಲಿಲ್ಲವೆಂದೇ ಹೇಳಬೇಕು. 1986ರಲ್ಲಿ ಸ್ವಾನ್ಸನ್ ಅವೆರಡನ್ನೂ ಪಕ್ಕಪಕ್ಕ ಇಟ್ಟು, ಮೀನೆಣ್ಣೆಯಿಂದ ಈ ರೋಗಿಗಳಿಗೆ ಉಪಯೋಗವಾಗಬಹುದು ಎಂಬ ಊಹೆಯನ್ನು ಪ್ರಕಟಿಸಿದರು. 1989ರಲ್ಲಿ ಬಂದ ಒಂದು ಚಿಕಿತ್ಸಾ ಪ್ರಯೋಗ, ಕಾಯಿಲೆಯ ಪ್ರಾಥಮಿಕ ಬಗೆಯ ಮಟ್ಟಿಗೆ, ಚಳಿ ತಾಳುವ ಶಕ್ತಿ ಸುಧಾರಿಸಿದ್ದನ್ನು ತೋರಿಸಿತು. ಪ್ರಯೋಗಾಲಯಕ್ಕೆ ಕಾಲಿಡದೆ, ಇದ್ದ ಪ್ರಬಂಧಗಳನ್ನು ಓದಿ ಜೋಡಿಸಿಯೇ ಹುಟ್ಟಿದ ಊಹೆ ಅದು. ಸಂಶೋಧನಾ ವಿದ್ಯಾರ್ಥಿಗಳು ಇದನ್ನು ಕೇಳಿದಾಗ ನೆಟ್ಟಗೆ ಕೂರುತ್ತಾರೆ. ಸಾಹಿತ್ಯ ಸಮೀಕ್ಷೆ ಎಂದರೆ ಎರಡನೇ ಅಧ್ಯಾಯದ ಹೊರೆ ಎಂಬ ಭಾವನೆ ಅಲ್ಲಿಗೆ ಸ್ವಲ್ಪ ಸಡಿಲವಾಗುತ್ತದೆ.

ಇದರ ಇನ್ನೊಂದು ಮುಖವೂ ಇದೆ. ಅದನ್ನು ವೈದ್ಯಕೀಯ, ಜೀವವಿಜ್ಞಾನದ ವಿದ್ಯಾರ್ಥಿಗಳಿಗೆ ಹೇಳದೆ ನಾನು ತರಗತಿ ಮುಗಿಸುವುದಿಲ್ಲ. 2001ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಆಸ್ತಮಾ ಕುರಿತ ಒಂದು ಅಧ್ಯಯನಕ್ಕೆ ಸ್ವಯಂಸೇವಕಿಯಾಗಿ ಬಂದ 24 ವರ್ಷದ ಆರೋಗ್ಯವಂತ ಯುವತಿಗೆ ಹೆಕ್ಸಾಮೆಥೋನಿಯಂ ಎಂಬ ರಾಸಾಯನಿಕವನ್ನು ಉಸಿರಿನ ಮೂಲಕ ಕೊಡಲಾಯಿತು. ಅವಳ ಶ್ವಾಸಕೋಶ ಹಾಳಾಗಿ ತಿಂಗಳೊಳಗೆ ತೀರಿಕೊಂಡಳು. ಆ ವಸ್ತುವಿನಿಂದ ಶ್ವಾಸಕೋಶಕ್ಕೆ ಆಗಿದ್ದ ಹಾನಿಯ ವರದಿಗಳು 1950ರ ದಶಕದ ಪತ್ರಿಕೆಗಳಲ್ಲಿ ಇದ್ದವು. ಆದರೆ ಸಂಶೋಧಕರು ಹುಡುಕಿದ್ದ ಪಬ್‌ಮೆಡ್ ಆಗ 1966ರಿಂದ ಈಚಿನದನ್ನಷ್ಟೇ ಒಳಗೊಂಡಿತ್ತು. ಈಗ ಅದರಲ್ಲಿ ಅದಕ್ಕೂ ಹಿಂದಿನ ದಾಖಲೆಗಳಿವೆ, ಆ ಮಾತು ಬೇರೆ. ಯಾವ ಡೇಟಾಬೇಸ್ ಯಾವ ವರ್ಷದಿಂದ, ಯಾವ ಭಾಷೆಗಳ, ಯಾವ ಬಗೆಯ ಪ್ರಕಟಣೆಗಳನ್ನು ಒಳಗೊಳ್ಳುತ್ತದೆ ಎಂದು ಮೊದಲೇ ನೋಡಿಕೊಳ್ಳುವುದು ಔಪಚಾರಿಕತೆ ಎಂದು ಯಾರಿಗಾದರೂ ಅನ್ನಿಸಿದರೆ, ಆ ಹುಡುಗಿಯ ವಯಸ್ಸನ್ನು ನೆನಪಿಸುತ್ತೇನೆ. ನನ್ನ ತರಗತಿಯಲ್ಲಿ ಕೂತಿರುವ ಬಹುಪಾಲು ಮಂದಿಯ ವಯಸ್ಸೂ ಅದೇ.

ಇತಿಹಾಸ, ಸಾಹಿತ್ಯ ಓದುವವರಿಗೆ ಇದೇ ಪಾಠದ ರೂಪ ಬೇರೆ. ಹಳೆಯ ಇಂಗ್ಲಿಷ್ ಪತ್ರಿಕೆಗಳ ಡಿಜಿಟಲ್ ಸಂಗ್ರಹದಲ್ಲಿ ‘ಟ್ಯುಬರ್‌ಕ್ಯುಲೋಸಿಸ್’ ಎಂದು ಹುಡುಕಿದರೆ ಸಿಗುವುದು ಅತ್ಯಲ್ಪ. ಆ ಕಾಲದವರು ಕ್ಷಯವನ್ನು ‘ಕನ್ಸಂಪ್ಶನ್’ ಎಂದೋ ‘ಥೈಸಿಸ್’ ಎಂದೋ ಬರೆಯುತ್ತಿದ್ದರು. ಹದಿನೆಂಟನೇ ಶತಮಾನದ ಮುದ್ರಣದಲ್ಲಿ ಉದ್ದನೆಯ ‘ಎಸ್’ ಅಕ್ಷರವಿತ್ತು, ಅದನ್ನು ಯಂತ್ರ ‘ಎಫ್’ ಎಂದು ಓದಿಕೊಳ್ಳುತ್ತದೆ. ಹಾಗಾಗಿ ಕೆಲವು ಪದಗಳನ್ನು ತಪ್ಪಾಗಿಯೇ ಟೈಪ್ ಮಾಡಿ ಹುಡುಕಬೇಕು. ಇದನ್ನು ತೋರಿಸಿದಾಗ ಇತಿಹಾಸದ ವಿದ್ಯಾರ್ಥಿಗಳಿಗೆ ಆಗುವ ಖುಷಿ ನೋಡಲು ನನಗೆ ಬಹಳ ಇಷ್ಟ, ಚಾಟ್ ಪೆಟ್ಟಿಗೆ ಒಮ್ಮೆಲೇ ತುಂಬಿಬಿಡುತ್ತದೆ.

ಚಾಟ್ ಎಂದಾಗ ಮೌನದ ಬಗ್ಗೆ ಹೇಳಬೇಕು. ಕ್ಯಾಮೆರಾ ಮುಚ್ಚಿದ ಚೌಕಗಳು, ‘ಅರ್ಥವಾಯಿತಾ?’ ಎಂದರೆ ಉತ್ತರವಿಲ್ಲ. ವಿದ್ಯಾರ್ಥಿಗಳಿಗೆ ಆಸಕ್ತಿಯಿಲ್ಲ ಎಂದು ಅನೇಕ ಸಹೋದ್ಯೋಗಿಗಳು ಬೇಸರಪಡುತ್ತಾರೆ. ಸ್ನಾತಕೋತ್ತರ ಮಟ್ಟದ ಮೌನದಲ್ಲಿ ಇರುವುದು ಬಹುಪಾಲು ಸಂಕೋಚ ಎಂಬುದು ನನ್ನ ಅನುಭವ. ಇಷ್ಟು ಓದಿ ಇಲ್ಲಿಯವರೆಗೆ ಬಂದವರು, ಲೈಬ್ರರಿಯಲ್ಲಿ ಹುಡುಕಲು ಬರುವುದಿಲ್ಲ ಎಂದು ಹೇಗೆ ಬಾಯಿಬಿಡುತ್ತಾರೆ? ಸೀನಿಯರ್‌ಗಳು ಕೇಳುತ್ತಿರುತ್ತಾರೆ, ಕೆಲವೊಮ್ಮೆ ಮಾರ್ಗದರ್ಶಕರೇ ಸೇರಿಕೊಂಡಿರುತ್ತಾರೆ. ಬಹಳ ವರ್ಷ ಉದ್ಯೋಗ ಮಾಡಿ ಓದಿಗೆ ಮರಳಿದವರಿಗಂತೂ ಈ ಅಳುಕು ಇನ್ನೂ ಹೆಚ್ಚು.

ಅದಕ್ಕೆ ನಾನು ಬಳಸುವ ಉಪಾಯ ಸರಳ. ಪ್ರಶ್ನೆ ಕೇಳಿ, ಎಲ್ಲರೂ ಚಾಟ್‌ನಲ್ಲಿ ಉತ್ತರ ಟೈಪ್ ಮಾಡಿಕೊಳ್ಳಿ, ಆದರೆ ಕಳಿಸಬೇಡಿ ಅನ್ನುತ್ತೇನೆ. ಒಂದೆರಡು ನಿಮಿಷ ಬಿಟ್ಟು, ‘ಈಗ ಕಳಿಸಿ’. ಉತ್ತರಗಳೆಲ್ಲ ಒಂದೇ ಉಸಿರಿನಲ್ಲಿ ಬಂದು ಬೀಳುತ್ತವೆ. ಯಾರೂ ಮೊದಲಿಗರಲ್ಲ, ಯಾರೂ ಇನ್ನೊಬ್ಬರದನ್ನು ನೋಡಿ ಬರೆದವರಲ್ಲ. ‘ನಿಮ್ಮ ಹುಡುಕಾಟ ಈಗ ಯಾವ ಹಂತದಲ್ಲಿದೆ, ಹೇಗನ್ನಿಸುತ್ತಿದೆ?’ ಎಂದು ಹೀಗೆ ಕೇಳಿದಾಗ ‘ಗೊಂದಲ’ ಎಂಬ ಒಂದೇ ಪದ ಎಷ್ಟು ಸಲ ಮೂಡುತ್ತದೆಂದರೆ, ಅದನ್ನು ಕಂಡು ಅವರವರೇ ನಿರಾಳರಾಗುತ್ತಾರೆ. ಆಗ ರಟ್ಗರ್ಸ್ ವಿಶ್ವವಿದ್ಯಾಲಯದ ಕ್ಯಾರಲ್ ಕೂಲ್ಥೌ ಅವರ ಕೆಲಸವನ್ನು ಪರಿಚಯಿಸುತ್ತೇನೆ. 1980ರ ದಶಕದಲ್ಲಿ ವಿದ್ಯಾರ್ಥಿಗಳ ಹುಡುಕಾಟವನ್ನು ಅವರ ಭಾವನೆಗಳ ಸಮೇತ ಹಿಂಬಾಲಿಸಿ, ಅದನ್ನು ಆರು ಹಂತಗಳಾಗಿ ಬಿಡಿಸಿಟ್ಟವರು ಅವರು. ವಿಷಯ ಆಯ್ಕೆಯಾದಾಗ ಮೂಡುವ ಉತ್ಸಾಹ, ಓದಲು ಇಳಿದ ಮೂರನೇ ಹಂತದಲ್ಲಿ ಕುಸಿಯುತ್ತದೆ. ಒಂದೊಂದು ಪ್ರಬಂಧ ಒಂದೊಂದು ದಿಕ್ಕಿಗೆ ಎಳೆಯುತ್ತದೆ. ತನ್ನದೇ ಒಂದು ದೃಷ್ಟಿ ಸ್ಪಷ್ಟವಾಗುವ ನಾಲ್ಕನೇ ಹಂತದಲ್ಲಿ ಮತ್ತೆ ವಿಶ್ವಾಸ ಚಿಗುರುತ್ತದೆ. ಗೊಂದಲ ತನ್ನ ದೌರ್ಬಲ್ಯವಲ್ಲ, ಎಲ್ಲರ ದಾರಿಯಲ್ಲೂ ಬರುವ ತಗ್ಗು ಎಂದು ತಿಳಿದವರು ವಿಷಯವನ್ನೇ ಬದಲಿಸಲು ಓಡುವುದಿಲ್ಲ. ಅವರ ಸಾಲಿನ ಕೊನೆಯ ಕಾಲಂ ಉದ್ದವಾಗತೊಡಗುತ್ತದೆ.

ಲಾಗಿನ್ ವಿಚಾರ ಬೇಗ ಮುಗಿಸುತ್ತೇನೆ. ಆನ್‌ಲೈನ್ ತರಗತಿಯ ಮೊದಲ ಇಪ್ಪತ್ತು ನಿಮಿಷವನ್ನು ನುಂಗುವುದು ಇದೇ. ಕ್ಯಾಂಪಸ್ಸಿನ ಹೊರಗಿನಿಂದ ಲೈಬ್ರರಿಯ ಪ್ರಾಕ್ಸಿ (ಹೊರಗಿದ್ದವರನ್ನೂ ಕ್ಯಾಂಪಸ್ಸಿನವರೆಂದು ತೋರಿಸುವ ಲಾಗಿನ್ ದಾರಿ) ಮೂಲಕ ಹೋಗದಿದ್ದರೆ ಪ್ರಕಾಶಕರ ತಾಣ ಹಣ ಕೇಳುತ್ತದೆ, ವಿದ್ಯಾರ್ಥಿ ಕೈಚೆಲ್ಲುತ್ತಾನೆ. ಹಾಗಾಗಿ ಎರಡು ದಿನ ಮುಂಚೆ ಒಂದು ಚಿಕ್ಕ ಕೆಲಸ ಕಳಿಸುತ್ತೇನೆ: ಒಂದು ಪ್ರಬಂಧದ ಡಿಒಐ, ಅಂದರೆ ‘10.’ ಎಂದು ಶುರುವಾಗುವ ಆ ಶಾಶ್ವತ ಗುರುತು ಸಂಖ್ಯೆ. ಅದನ್ನು ಲೈಬ್ರರಿಯ ಮೂಲಕ ತೆರೆದು, ಅದರ ಎರಡನೇ ಕೋಷ್ಟಕದ ತಲೆಬರಹವನ್ನು ಶೀಟಿನಲ್ಲಿ ಬರೆಯಿರಿ. ಕೋಷ್ಟಕದ ತಲೆಬರಹ ಸಾರಾಂಶದಲ್ಲಿ ಇರುವುದಿಲ್ಲ, ಪೂರ್ಣಪಾಠ ತೆರೆದವರಿಗಷ್ಟೇ ಸಿಗುತ್ತದೆ. ಬರೆಯದೆ ಉಳಿದವರು ಯಾರು ಎಂದು ತರಗತಿಗೆ ಮುಂಚೆಯೇ ತಿಳಿಯುತ್ತದೆ, ಅವರಿಗೆ ಬೇರೆಯಾಗಿ ಫೋನ್ ಮಾಡಿ ಸರಿಪಡಿಸುತ್ತೇನೆ. ಫೋನಿನಿಂದಲೇ ತರಗತಿಗೆ ಸೇರುವವರು ಯಾರು ಎಂಬುದೂ ಆಗಲೇ ಗೊತ್ತಾಗುತ್ತದೆ. ಅಂಥವರಿಗೆ ಜೊತೆಗಾರರೊಬ್ಬರನ್ನು ಗೊತ್ತುಮಾಡುತ್ತೇನೆ. ಚಿಕ್ಕ ಪರದೆಯಲ್ಲಿ ಶೀಟೂ ಡೇಟಾಬೇಸೂ ಒಟ್ಟಿಗೆ ನೋಡುವುದು ಆಗದ ಮಾತು.

ಗೂಗಲ್ ಸ್ಕಾಲರ್ ಬಳಸಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. 2004ರಲ್ಲಿ ಅದು ಬಂದಂದಿನಿಂದ ಸಂಶೋಧಕರ ಬದುಕು ಹಗುರವಾಗಿದೆ. ಆದರೆ ಅದು ಲಕ್ಷ ಫಲಿತಾಂಶ ಇದೆ ಎಂದು ತೋರಿಸಿದರೂ ನಮಗೆ ನೋಡಲು ಕೊಡುವುದು ಮೊದಲ ಸಾವಿರವನ್ನು ಮಾತ್ರ. ಯಾವ ಪತ್ರಿಕೆಗಳನ್ನು ಒಳಗೊಂಡಿದೆ ಎಂಬ ಪಟ್ಟಿ ಕೊಡುವುದಿಲ್ಲ. ವ್ಯವಸ್ಥಿತ ಸಮೀಕ್ಷೆ, ಅಂದರೆ ಒಂದು ಪ್ರಶ್ನೆಯ ಮೇಲೆ ಆಗಿರುವ ಅಧ್ಯಯನಗಳನ್ನೆಲ್ಲ ಗೊತ್ತಾದ ಕ್ರಮದಲ್ಲಿ ಹುಡುಕಿ ಒಟ್ಟುಮಾಡುವ ಸಮೀಕ್ಷೆ, ಬರೆಯುವವರಿಗೆ ಇದೊಂದೇ ಸಾಲದು. ಅದರ ನಿಜವಾದ ಬಲ ‘ಸೈಟೆಡ್ ಬೈ’ ಎಂಬ ಆ ಸಣ್ಣ ಕೊಂಡಿ. ಒಂದು ಒಳ್ಳೆಯ ಪ್ರಬಂಧ ಕೈಗೆ ಸಿಕ್ಕರೆ ಅದರ ಉಲ್ಲೇಖ ಪಟ್ಟಿ ಹಿಡಿದು ಹಿಂದಕ್ಕೆ ಹೋಗಬಹುದು, ಅದನ್ನು ಯಾರು ಉಲ್ಲೇಖಿಸಿದ್ದಾರೆ ಎಂದು ಮುಂದಕ್ಕೂ ಬರಬಹುದು. ಹೀಗೆ ಮುಂದಕ್ಕೆ ಬರುವ ದಾರಿಯನ್ನು ಯೂಜೀನ್ ಗಾರ್‌ಫೀಲ್ಡ್ 1955ರಲ್ಲೇ ಪ್ರಸ್ತಾಪಿಸಿ, 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಆಗಿ ಕಾರ್ಯರೂಪಕ್ಕೆ ತಂದರು. ಪದ ಸಿಗದೆ ಕಂಗಾಲಾದವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಪದಗಳು ಬದಲಾದರೂ ಉಲ್ಲೇಖದ ಎಳೆ ತುಂಡಾಗಿರುವುದಿಲ್ಲ.

ಎಳೆ ಹಿಡಿದು ಹೋಗುವಾಗ ಪ್ರಬಂಧವನ್ನು ತೆರೆದು ನೋಡಲೇಬೇಕು. ಎಲ್ಸೆವಿಯರ್ ಪ್ರಕಾಶನ ಲೇಖಕರಿಗಾಗಿ ಕೊಟ್ಟಿದ್ದ ಸೂಚನೆಗಳಲ್ಲಿ, ಉಲ್ಲೇಖವನ್ನು ಹೀಗೆ ಬರೆಯಿರಿ ಎಂದು ತೋರಿಸಲು 2000ನೇ ಇಸವಿಯ ಪ್ರಬಂಧವೊಂದರ ಮಾದರಿ ಇತ್ತು, ವೈಜ್ಞಾನಿಕ ಲೇಖನ ಬರೆಯುವ ಕಲೆಯ ಕುರಿತಾದದ್ದು. ಅಂಥ ಪ್ರಬಂಧವೇ ಇಲ್ಲ, ಆ ಹೆಸರಿನ ಪತ್ರಿಕೆಯೂ ಇಲ್ಲ. ಆದರೂ ನೂರಾರು ಪ್ರಬಂಧಗಳು ಅದನ್ನು ತಮ್ಮ ಉಲ್ಲೇಖ ಪಟ್ಟಿಯಲ್ಲಿ ಸೇರಿಸಿಕೊಂಡಿವೆ ಎಂಬುದು 2017ರಲ್ಲಿ ಬೆಳಕಿಗೆ ಬಂತು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಇಂಥ ಪ್ರಬಂಧಗಳು ಯಾರಿಗೆ ಬೇಕಾದರೂ ಕ್ಷಣದಲ್ಲಿ ಸಿಗುತ್ತವೆ: ನಿಜವಾದ ಲೇಖಕರ ಹೆಸರು, ನಿಜವಾದ ಪತ್ರಿಕೆ, ಸಂಪುಟ, ಪುಟ ಸಂಖ್ಯೆ, ಎಲ್ಲ ಒಪ್ಪವಾಗಿ, ಪ್ರಬಂಧ ಮಾತ್ರ ಇಲ್ಲ. ತರಗತಿಯಲ್ಲಿ ಇದಕ್ಕೆ ಉಪನ್ಯಾಸ ಕೊಡುವುದಿಲ್ಲ. ಯಂತ್ರದಿಂದ ತಮ್ಮ ವಿಷಯಕ್ಕೆ ಐದು ಉಲ್ಲೇಖ ಕೇಳಿಸಿ, ಒಂದೊಂದರ ಡಿಒಐಯನ್ನೂ ಡಿಒಐ ತಾಣದಲ್ಲಿ ಹಾಕಿ ನೋಡಲು ಹೇಳುತ್ತೇನೆ. ಕೆಲವು ತೆರೆದುಕೊಳ್ಳುವುದೇ ಇಲ್ಲ, ಕೆಲವು ಸಂಬಂಧವೇ ಇಲ್ಲದ ಬೇರೆ ಪ್ರಬಂಧಕ್ಕೆ ಹೋಗಿ ನಿಲ್ಲುತ್ತವೆ, ಕೆಲವು ಸರಿಯಾಗಿಯೂ ಇರುತ್ತವೆ. ಸರಿಯಾದವು ಇರುವುದರಿಂದಲೇ ಪ್ರತಿಯೊಂದನ್ನೂ ನೋಡಬೇಕಾಗುತ್ತದೆ. ಸಮಾನ ಪದಗಳನ್ನು ಸೂಚಿಸು ಎಂದು ಅದನ್ನೇ ಕೇಳಿದರೆ ಮಾತ್ರ ಚೆನ್ನಾಗಿ ನೆರವಾಗುತ್ತದೆ, ಅದನ್ನೂ ಮುಚ್ಚಿಡದೆ ತೋರಿಸುತ್ತೇನೆ.

ಸಿಕ್ಕ ಪ್ರಬಂಧ ಹಿಂತೆಗೆತಕ್ಕೆ ಒಳಗಾಗಿದೆಯೇ, ಅಂದರೆ ತಪ್ಪು ಕಂಡು ಪತ್ರಿಕೆ ಅದನ್ನು ವಾಪಸ್ ಪಡೆದಿದೆಯೇ, ಎಂದು ನೋಡುವುದೂ ಇದರ ಜೊತೆಗೇ ಬರುತ್ತದೆ. ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ್ದ 1998ರ ಪ್ರಬಂಧವನ್ನು ವೈದ್ಯಕೀಯ ಪತ್ರಿಕೆ ದಿ ಲ್ಯಾನ್ಸೆಟ್ ಪೂರ್ಣವಾಗಿ ಹಿಂತೆಗೆದದ್ದು 2010ರಲ್ಲಿ, ಹನ್ನೆರಡು ವರ್ಷಗಳ ನಂತರ. ಹಿಂತೆಗೆತಗಳ ಲೆಕ್ಕ ಇಡುವ ರಿಟ್ರ್ಯಾಕ್ಷನ್ ವಾಚ್‌ನವರ ದತ್ತಾಂಶವನ್ನು 2023ರಲ್ಲಿ ಡಿಒಐ ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆ ಪಡೆದು ಎಲ್ಲರಿಗೂ ಮುಕ್ತಗೊಳಿಸಿದೆ. ಜೊಟೆರೊದಂಥ ಉಲ್ಲೇಖ ತಂತ್ರಾಂಶ ಹಿಂತೆಗೆದ ಪ್ರಬಂಧ ನಮ್ಮ ಸಂಗ್ರಹದಲ್ಲಿದ್ದರೆ ತಾನಾಗಿಯೇ ಎಚ್ಚರಿಸುತ್ತದೆ. ಜೊಟೆರೊ ಉಚಿತ. ಮೊದಲ ವಾರದಲ್ಲೇ ಹಾಕಿಕೊಳ್ಳಿ ಎಂದು ಒತ್ತಾಯಿಸುತ್ತೇನೆ, ಅದನ್ನು ಬಳಸುವುದು ಹೇಗೆಂದು ತರಗತಿಯ ಸಮಯದಲ್ಲಿ ಹೇಳಿಕೊಡುವುದಿಲ್ಲ. ಅದಕ್ಕೆ ಚಿಕ್ಕ ವಿಡಿಯೊ ಸಾಕು.

ವಿಡಿಯೊಗಳ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಯಾವ ಗುಂಡಿ ಒತ್ತಬೇಕು ಎಂದು ತೋರಿಸುವ ವಿಡಿಯೊ, ಡೇಟಾಬೇಸಿನವರು ಮುಖಪುಟ ಬದಲಿಸಿದ ದಿನವೇ ಹಳತಾಗುತ್ತದೆ. ಅಂಥವನ್ನು ನಾನು ಮಾಡುವುದು ಕಡಿಮೆ, ಮಾಡಿದರೂ ಐದು ನಿಮಿಷ ಮೀರುವುದಿಲ್ಲ. ಉಳಿಯುವುದು ಒಬ್ಬರು ಹುಡುಕುತ್ತಾ ಜೋರಾಗಿ ಯೋಚಿಸುವ ವಿಡಿಯೊ. ನನಗೆ ಪರಿಚಯವೇ ಇಲ್ಲದ ಒಂದು ವಿಷಯವನ್ನು ವಿದ್ಯಾರ್ಥಿಗಳಿಂದ ಆಗಲೇ ಕೇಳಿ ಪಡೆದು, ಮೊದಲೇ ತಯಾರಿ ಮಾಡಿಕೊಳ್ಳದೆ, ಪರದೆ ಹಂಚಿಕೊಂಡು ಹುಡುಕುತ್ತೇನೆ. ಮಣ್ಣಿನ ಸೂಕ್ಷ್ಮಾಣುಗಳ ಬಗ್ಗೆ ಒಮ್ಮೆ, ನ್ಯಾಯಾಲಯದ ದುಭಾಷಿಗಳ ಬಗ್ಗೆ ಒಮ್ಮೆ. ‘ಇದು ತುಂಬಾ ಹೆಚ್ಚಾಯಿತು, ಯಾವ ಪದ ಸಡಿಲವಾಗಿದೆ ನೋಡೋಣ’, ‘ಈ ಮೂರನೇ ಪ್ರಬಂಧದವರು ಬೇರೆ ಪದ ಬಳಸಿದ್ದಾರೆ, ಅದನ್ನು ಶೀಟಿಗೆ ಹಾಕಿಕೊಳ್ಳುತ್ತೇನೆ’, ‘ಈ ದಾರಿ ಇಲ್ಲಿಗೆ ಮುಗಿಯಿತು, ಹಿಂದಕ್ಕೆ ಹೋಗೋಣ’ ಎಂದೆಲ್ಲ ಹೇಳುತ್ತಾ ಹೋಗುತ್ತೇನೆ. ಪರಿಣತರೂ ಮೊದಲ ಯತ್ನದಲ್ಲೇ ಸರಿಯಾದ ಸಾಲು ಬರೆಯುವುದಿಲ್ಲ, ಬದಲಿಸುತ್ತಾ ಬದಲಿಸುತ್ತಾ ಅಲ್ಲಿಗೆ ತಲುಪುತ್ತಾರೆ ಎಂಬುದನ್ನು ಅವರು ಕಣ್ಣಾರೆ ನೋಡಬೇಕು. ಮೊದಲೇ ಅಣಿಗೊಳಿಸಿದ, ಎಲ್ಲವೂ ಸಲೀಸಾಗಿ ಸಿಗುವ ಉದಾಹರಣೆ ಅವರಿಗೆ ಸುಳ್ಳು ಹೇಳಿದಂತೆ.

ತರಗತಿಯ ನಂತರ ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಕೂರುತ್ತೇನೆ. ಅಲ್ಲಿ ಪರದೆ ಹಂಚಿಕೊಳ್ಳುವವರು ಅವರು, ಮೌಸ್ ಅವರ ಕೈಯಲ್ಲೇ. ‘ಮೇಲ್ಗಡೆ ಬಲಕ್ಕೆ’ ಎಂದು ನಾನು ಹೇಳಿ, ಅವರು ಹುಡುಕಿ, ಒತ್ತುವಷ್ಟರಲ್ಲಿ ಸಮಯ ಹಿಡಿಯುತ್ತದೆ ನಿಜ, ರಿಮೋಟ್ ಕಂಟ್ರೋಲ್ ತೆಗೆದುಕೊಂಡು ನಾನೇ ಮಾಡಿಬಿಟ್ಟರೆ ಮೂರು ನಿಮಿಷ. ಆದರೆ ಮುಂದಿನ ವಾರ ರಾತ್ರಿ ಹನ್ನೊಂದಕ್ಕೆ ಒಬ್ಬರೇ ಕೂತಾಗ ಅವರ ಕೈಗೆ ಅಭ್ಯಾಸವಾಗಿರಬೇಕು. ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು 1931ರಲ್ಲಿ ಕೊಟ್ಟ ರಂಗನಾಥನ್ ಅವರ ನಾಲ್ಕನೆಯ ಸೂತ್ರ ಓದುಗರ ಸಮಯ ಉಳಿಸು ಎನ್ನುತ್ತದೆ. ಸಂಶೋಧನಾ ವಿದ್ಯಾರ್ಥಿಯ ಮಟ್ಟಿಗೆ ನಾನು ಉಳಿಸಲು ನೋಡುವುದು ಮುಂದಿನ ಮೂರು ವರ್ಷಗಳ ಸಮಯವನ್ನು, ಈ ಅರ್ಧ ಗಂಟೆಯನ್ನಲ್ಲ.

ಶೀಟಿನ ಬೆಲೆ ಎಲ್ಲರಿಗೂ ಗೊತ್ತಾಗುವುದು ತಡವಾಗಿ. ವ್ಯವಸ್ಥಿತ ಸಮೀಕ್ಷೆಗಳ ವರದಿಗೆ ಬಳಸುವ ಪ್ರಿಸ್ಮಾ ಮಾರ್ಗಸೂಚಿಯ 2009ರ ಆವೃತ್ತಿ ಕನಿಷ್ಠ ಒಂದು ಡೇಟಾಬೇಸಿನ ಪೂರ್ಣ ಹುಡುಕು ಸಾಲನ್ನು ಕೊಡಿ ಎಂದಿತ್ತು. 2020ರ ಆವೃತ್ತಿ ಎಲ್ಲ ಡೇಟಾಬೇಸುಗಳದ್ದನ್ನೂ, ಹಾಕಿದ ಮಿತಿಗಳ ಸಮೇತ ಕೇಳುತ್ತದೆ. ಎರಡು ವರ್ಷದ ಹಿಂದೆ ಏನು ಟೈಪ್ ಮಾಡಿದ್ದೆ ಎಂದು ಯಾರಿಗೂ ನೆನಪಿರುವುದಿಲ್ಲ. ಅಂಥ ಸಮೀಕ್ಷೆ ಬರೆಯದವರಿಗೂ ಮೌಖಿಕ ಪರೀಕ್ಷೆಯಲ್ಲಿ ‘ಈ ವಿಷಯದಲ್ಲಿ ಬೇರೆ ಕೆಲಸ ಆಗಿಲ್ಲ ಎಂದು ಹೇಗೆ ಹೇಳುತ್ತೀರಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ಇಷ್ಟು ಕಡೆ, ಈ ಪದಗಳಿಂದ, ಈ ದಿನಾಂಕದವರೆಗೆ ಹುಡುಕಿದ್ದೇನೆ’ ಎಂದು ಉತ್ತರಿಸಲು ಆಧಾರ ಬೇಕು. ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೂ ಶೀಟೇ ಉತ್ತರ ಕೊಡುತ್ತದೆ. ಪದ ಬದಲಿಸಿದರೂ, ಡೇಟಾಬೇಸ್ ಬದಲಿಸಿದರೂ ಅವೇ ಪ್ರಬಂಧಗಳು ಎದುರಾಗುತ್ತಿವೆ ಎಂದು ನಾಲ್ಕನೇ ಕಾಲಂ ಹೇಳತೊಡಗಿದರೆ, ಓದಲು ಕೂರುವ ಹೊತ್ತಾಯಿತು.

ಇನ್ನು ಮಾರ್ಗದರ್ಶಕರಲ್ಲಿ ಒಂದು ಕೋರಿಕೆ. ಲೈಬ್ರರಿ ತರಗತಿಯನ್ನು ಪ್ರವೇಶದ ಮೊದಲ ವಾರಕ್ಕೆ ಹಾಕಿ ಮುಗಿಸಬೇಡಿ. ಆಗ ಅವರಿಗೆ ಪ್ರಶ್ನೆಯೇ ಹುಟ್ಟಿರುವುದಿಲ್ಲ, ಹುಡುಕಲು ಏನೂ ಇರುವುದಿಲ್ಲ. ಆ ಒಂದು ಗಂಟೆಯನ್ನೇ ಎರಡಾಗಿ ಮಾಡಿ ಕೊಡಿ. ಮೊದಲ ಅರ್ಧ ಗಂಟೆ ಲಾಗಿನ್‌ಗೂ ಶೀಟಿನ ಪರಿಚಯಕ್ಕೂ ಸಾಕು. ಎರಡನೆಯದನ್ನು ಪ್ರಸ್ತಾವನೆಯ ಕರಡು ಬರೆಯುವ ತಿಂಗಳಿಗೆ ಇಡಿ, ನೀವೂ ಬಂದು ಕೂರಿ. ಶೀಟು ಅಷ್ಟರಲ್ಲಿ ತುಂಬಿರುತ್ತದೆ. ನಿಮ್ಮ ವಿದ್ಯಾರ್ಥಿ ಯಾವ ಪದದ ಬಳಿ ನಿಂತಿದ್ದಾನೆ, ಯಾವ ಪತ್ರಿಕೆಯನ್ನು ನೋಡಿಯೇ ಇಲ್ಲ ಎಂದು ವಿಷಯ ಬಲ್ಲ ನಿಮಗೆ ಕಂಡಷ್ಟು ಬೇಗ ನನಗೆ ಕಾಣುವುದಿಲ್ಲ. ‘ಈ ಹೆಸರಿನಲ್ಲಿ ಹುಡುಕಿ ನೋಡು, ನಮ್ಮ ಕಾಲದಲ್ಲಿ ಇದನ್ನು ಹೀಗೆ ಕರೆಯುತ್ತಿದ್ದೆವು’ ಎಂದು ನೀವು ಒಂದು ಕೋಶದಲ್ಲಿ ಬರೆದು ಹೋದರೂ ಸಾಕು, ಅವತ್ತಿನ ಉಳಿದ ತರಗತಿಯನ್ನು ಅಲ್ಲಿಂದಲೇ ಮುಂದುವರಿಸುತ್ತೇನೆ.